ಕಾಫಿ ಕಣದ ಹಗ್ಗ

ಮಾರ್ಚ್ 9, ಬುಧವಾರ

ಈ ಪುಸ್ತಕ ಕೊಟ್ಟವಳು ಆರೋಗ್ಯ ಕೇಂದ್ರದ ನರ್ಸ್ ಫ್ಲಾವಿಯಾ. ಹೊಲಿಗೆ ತರಬೇತಿಗೆ ಹೋಗಿದ್ದವರಿಗೆಲ್ಲ ಒಂದೊಂದು ಕೊಟ್ಟಳು. ಬಟ್ಟೆ ಬಳಸುವಾಗ ದಿನಕ್ಕೊಂದು ಅಡ್ಡಿ ಬಂದೇ ಬರುತ್ತದೆ, ಅದನ್ನು ಬರೆದಿಡಿ, ಆಮೇಲೆ ನನಗೆ ಬಾಯಲ್ಲಿ ಹೇಳಿದರೆ ಸಾಕು, ಪುಸ್ತಕ ತೋರಿಸುವುದು ಬೇಡ ಅಂದಳು. ತೋರಿಸಬೇಕಾಗಿಲ್ಲ ಅಂದಮೇಲೆ ನನ್ನನ್ನು ಹಿಡಿಯುವವರು ಯಾರು? ನನ್ನ ಬಾಯಿ ಊರೊಳಗೆ ಮೊಂಡು ಕತ್ತರಿ. ಇಲ್ಲಾದರೂ ಸ್ವಲ್ಪ ಹರಿತವಾಗಲಿ.

ಬಟ್ಟೆ ಅಂದರೆ ತಿಂಗಳ ಆ ಸಂಗತಿಗೆ ಇಟ್ಟುಕೊಳ್ಳುವ ಬಟ್ಟೆ. ಹೆಸರು ಬರೆಯಲು ಕೈ ಬರುತ್ತಿಲ್ಲ. ನಾವು ಹೆಂಗಸರು 'ಸಂಗತಿ' ಅನ್ನುತ್ತೇವೆ, ಹಾಗೇ ಇರಲಿ. ಮೇಲೆ ಮೆತ್ತನೆಯ ಬಟ್ಟೆ, ಒಳಗೆ ಮೂರು ಪದರ ಟವೆಲು, ಅಡಿಗೆ ಛತ್ರಿ ಬಟ್ಟೆ, ಎರಡು ಪಕ್ಕಕ್ಕೂ ಟಿಚ್ ಬಟನ್. ತೊಳೆದು ಬಿಸಿಲಲ್ಲಿ ಒಣಗಿಸಿದರೆ ಎರಡು ವರ್ಷ ಬರುತ್ತದಂತೆ. ಊರಿನ ಹತ್ತು ಹೆಂಗಸರು ಮೂರು ತಿಂಗಳು ಬಳಸಿ ಒಪ್ಪಿದರೆ ಮೂರು ಶಾಲೆಗಳ ಹುಡುಗಿಯರಿಗೆ ಹೊಲಿಯುವ ಕೆಲಸ ನನ್ನದಾಗುತ್ತದೆ. "ಮೊದಲು ನೀನು ಬಳಸು ಸ್ಕೋವಿಯಾ. ಅಡುಗೆ ಮಾಡಿದವಳೇ ಉಣ್ಣದಿದ್ರೆ ಬೇರೆಯವರು ತಟ್ಟೆ ಮುಂದೆ ಕೂರ್ತಾರಾ?" ಅಂದಳು ಫ್ಲಾವಿಯಾ.

ಮಿಷನ್ನು ನನ್ನದಲ್ಲ, ಮಾವನದು. ಮಾವ ಎರಿಫಾಜಿ ಹೆಸರಾದ ದರ್ಜಿ. ಗಂಡಸರು ಶುಭಕಾರ್ಯಕ್ಕೆ ತೊಡುವ ಕಾಂಜು ಇದೆಯಲ್ಲ, ಪಾದದವರೆಗಿನ ಬಿಳಿ ಅಂಗಿ, ಅದರ ಕೊರಳಿನ ಕಡುಗೆಂಪು ಕಸೂತಿಯನ್ನು ಅವರೇ ಹಾಕಬೇಕು ಅಂತ ಮಸಾಕ ಪಟ್ಟಣದಿಂದಲೂ ಜನ ಬಂದು ಕಾಯುತ್ತಿದ್ದರಂತೆ. ನಾನು ಸೊಸೆಯಾಗಿ ಬಂದ ವಾರವೇ, ನನಗೆ ವಯಸ್ಸಾಯಿತು, ಇನ್ನು ಸೊಸೆ ಹೊಲಿಯಲಿ ಅಂತ ಮಗನ ಕೈಯಲ್ಲಿ ಮಿಷನ್ನು ಕಳಿಸಿಬಿಟ್ಟರು. ಊರೇ ಹೊಗಳಿತು. ಆದರೆ ಅಂಥ ದರ್ಜಿಯ ಮಗ ಹೆಣ್ಣು ಕೇಳಲು ನಮ್ಮ ಮನೆಗೆ ಬಂದದ್ದು ಸಂತೆಯಲ್ಲಿ ಕೊಂಡ ಕಾಂಜು ತೊಟ್ಟು. ಅಪ್ಪ ಹೊಲಿದಿದ್ದನ್ನು ಹಿಂದಿನ ದಿನ ಇಲಿ ಕಡಿಯಿತಂತೆ. ನನ್ನ ಚಿಕ್ಕಮ್ಮಂದಿರು ಇವತ್ತಿಗೂ ಆ ಇಲಿಯನ್ನು ನೆನೆದು ನಗುತ್ತಾರೆ.

ಮಾರ್ಚ್ 14, ಸೋಮವಾರ

ಸಂಗತಿ ಶನಿವಾರ ಬಂತು. ಬಟ್ಟೆ ಒಳ್ಳೆಯದೇ. ಹಳೆ ಕಂಬಳಿ ಹರಿದು ಇಟ್ಟುಕೊಳ್ಳುತ್ತಿದ್ದಾಗ ನಡೆಯುವುದೇ ಒಂದು ಶಿಕ್ಷೆ, ಇದು ಜಾರುವುದಿಲ್ಲ. ಭಾನುವಾರ ಚರ್ಚಿನಲ್ಲಿ ಮೂರು ಗಂಟೆ ಕೂತು ಎದ್ದೆ, ಕಲೆಯಾಯಿತೇನೋ ಅಂತ ಬೆಂಚನ್ನು ತಿರುಗಿ ನೋಡಲೇ ಇಲ್ಲ.

ತೊಳೆಯುವುದೂ ಕಷ್ಟವಲ್ಲ. ಒಣಗಿಸುವುದೇ ದೊಡ್ಡ ತಲೆನೋವು. ಮನೆಯ ಸುತ್ತ ಬಾಳೆತೋಟ. ಹಿತ್ತಲಿನಲ್ಲಿ ಮಧ್ಯಾಹ್ನಕ್ಕೂ ನೆರಳು. ಬಾಳೆದಿಂಡಿನ ಹಿಂದೆ ಹಾಕಿದೆ, ಸಂಜೆಯಾದರೂ ಹಸಿ. ಡನ್‌ಸ್ಟನ್‌ನ ಶರ್ಟಿನ ಅಡಿಯಲ್ಲಿ ಹಾಕಿದೆ, ಶರ್ಟು ಒಣಗಿತು, ಬಟ್ಟೆ ಒಣಗಲಿಲ್ಲ. ಡನ್‌ಸ್ಟನ್ ನನ್ನ ಗಂಡ. ಲಾರಿ ತೆಗೆದುಕೊಂಡು ಗಡಿಯಾಚೆಯ ಜುಬಾಕ್ಕೆ ಹೋದರೆ ಮೂರು ವಾರ ಸುದ್ದಿಯಿಲ್ಲ. ಅವನ ಶರ್ಟಿಗೆ ಇಷ್ಟಾದರೂ ಕೆಲಸವಿರಲಿ.

ಕೊನೆಗೆ ಹಾಸಿಗೆಯ ಅಡಿಗೆ ತುರುಕಿದೆ. ಮುಗ್ಗಲು ವಾಸನೆ ಬಂತು. ಗಂಡನ ಅಕ್ಕ ಡಮಾಲಿ ಅತ್ತಿಗೆ ಗಂಡ ಸತ್ತಮೇಲೆ ತವರಿಗೆ ಬಂದು ಮಾವನನ್ನು ನೋಡಿಕೊಳ್ಳುತ್ತಾಳೆ. ಬಾಗಿಲಲ್ಲಿ ನಿಂತು ಮೂಗು ಅರಳಿಸಿ, ನಿನ್ನ ಕೋಣೇಲಿ ಇಲಿ ಸತ್ತಿದೆಯೇನೇ ಅಂತ ಕೇಳಿದಳು. ಹೂಂ ಅಂದೆ. ಈ ಮನೆಯಲ್ಲಿ ಎಲ್ಲದಕ್ಕೂ ಇಲಿಯೇ ಗತಿ.

ಮಾರ್ಚ್ 17, ಗುರುವಾರ

ನಿನ್ನೆ ಧೈರ್ಯ ಮಾಡಿದೆ. ಬಿಸಿಲು ನೆಲ ಮುಟ್ಟುವುದು ಒಂದೇ ಕಡೆ, ಪಕ್ಕದಲ್ಲೇ ಇರುವ ಮಾವನ ಮನೆಯ ಮುಂದಿನ ಕಾಫಿ ಕಣದಲ್ಲಿ. ಅಲ್ಲಿ ಬಟ್ಟೆ ಒಣಹಾಕುವ ಹಗ್ಗವೂ ಇದೆ. ಆದರೆ ಕಣದ ಅಂಚಿನ ಹಲಸಿನ ಮರದಡಿಯಲ್ಲಿ ಮಾವನ ಕುರ್ಚಿ. ಸೊಸೆಯ ಒಳಬಟ್ಟೆ ಮಾವನ ಕಣ್ಣಿಗೆ ಬೀಳಬಾರದು. ಮಾವನ ಹತ್ತಿರ ಸುಳಿಯುವುದೇ ತಪ್ಪು. ದೂರದಲ್ಲಿ ಮೊಣಕಾಲೂರಿ ನಮಸ್ಕಾರ ಹೇಳಿ ಸರಿದುಬಿಡಬೇಕು. ಮರ್ಯಾದೆ ತಪ್ಪಿದರೆ ಸೊಸೆಗೋ ಮಾವನಿಗೋ ಒಬುಕೊ ಬಡಿಯುತ್ತದೆ ಅನ್ನುತ್ತಾರೆ, ಕೈಕಾಲು ನಡುಗುವ ರೋಗ. ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ.

ಮಾವ ಪೇಟೆಗೆ ಹೋಗಿದ್ದರು. ನಾಲ್ಕು ಬಟ್ಟೆ ಹಾಕಿ ಮೇಲೆ ನನ್ನ ದೊಡ್ಡ ಲಂಗ ಹೊದಿಸಿದೆ. ಗಾಳಿ ಎಲ್ಲಿತ್ತೋ, ಲಂಗವನ್ನು ಎತ್ತಿ ಹಗ್ಗದ ಆಚೆಗೆ ಎಸೆಯಿತು. ಅದೇ ಹೊತ್ತಿಗೆ ಮಾವ ಗೇಟಿನಲ್ಲಿ. ಎರಡು ಕೈಯೂ ಕೋಟಿನ ಜೇಬಿನಲ್ಲಿ. ಎಂಥಾ ಸೆಕೆಯಲ್ಲೂ ಜೇಬಿನಿಂದ ಕೈ ತೆಗೆಯುವುದಿಲ್ಲ ನಮ್ಮ ಸಾಹೇಬರು. ನಿಂತರು. ಕೆಮ್ಮಿದರು. ಬಂದ ದಾರಿಯಲ್ಲೇ ತಿರುಗಿ ಹೋದರು. ನಾನು ಬಾಳೆಗಿಡದ ಹಿಂದೆ ಕೂತು ಬೆವೆತೆ.

ಇವತ್ತು ಬೆಳಿಗ್ಗೆ ನೋಡಿದರೆ ಕುರ್ಚಿ ಮರದ ಆಚೆ ಬದಿಗೆ ಹೋಗಿದೆ, ರಸ್ತೆಗೆ ಮುಖ, ಕಣಕ್ಕೆ ಬೆನ್ನು. ಮರಕ್ಕೆ ಕಟ್ಟಿದ ಆಡಿಗೆ ಮಾವ ದೊರೆಸಾನಿ ಅಂತ ಹೆಸರಿಟ್ಟಿದ್ದಾರೆ. ನನಗೆ ಕೇಳುವಷ್ಟು ಗಟ್ಟಿಯಾಗಿ ಅದಕ್ಕೆ ಹೇಳುತ್ತಿದ್ದರು: "ಆ ಕಡೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ ದೊರೆಸಾನಿ. ಇನ್ಮೇಲೆ ನಾನು ರಸ್ತೆ ನೋಡ್ಕೊಂಡು ಕೂರ್ತೀನಿ. ಕಣದಲ್ಲಿ ಏನು ಒಣಗಿದ್ರೂ ಮುದುಕನಿಗೆ ಗೊತ್ತಾಗಲ್ಲ."

ಆಡು ತಲೆಯಾಡಿಸಿತು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಅತ್ತೆ. ಯಾಕೋ ಗೊತ್ತಿಲ್ಲ. ಆಮೇಲೆ ಹಗ್ಗಕ್ಕೆ ಹಾಕಿದ ಬಟ್ಟೆ ಮಧ್ಯಾಹ್ನದೊಳಗೆ ಗರಿಗರಿಯಾಗಿ ಒಣಗಿತು.

ಮಾರ್ಚ್ 29, ಮಂಗಳವಾರ

ಹತ್ತು ಹೆಂಗಸರಿಗೆ ಕೊಟ್ಟದ್ದಾಯಿತು. ಇವತ್ತು ವಿಚಾರಿಸಿಕೊಂಡು ಬಂದೆ. ಒಬ್ಬಳು ಒಲೆಯಿಂದ ಪಾತ್ರೆ ಇಳಿಸಲು ಬಳಸುತ್ತಿದ್ದಾಳೆ. ಕೈ ಸುಡುವುದೇ ಇಲ್ಲ, ಇನ್ನೆರಡು ಕೊಡು ಅಂದಳು. ಒಬ್ಬಳಿಗೆ ಬಟನ್ ಹಾಕಲು ಗಟ್ಟಿ ಚಡ್ಡಿಯೇ ಇಲ್ಲ. ಹೇಳುವಾಗ ನೆಲ ನೋಡುತ್ತಿದ್ದಳು. ನಾವ್ಯಾರೂ ತರಬೇತಿಯಲ್ಲಿ ಇದನ್ನು ಯೋಚಿಸಿರಲಿಲ್ಲ. ಒಬ್ಬಳಿಗೆ ನೀರು ದೂರ. ಇನ್ನೊಬ್ಬಳು ಹಾಸಿಗೆ ಕೆಳಗೆ ಒಣಗಿಸಿ ತುರಿಕೆ ಹತ್ತಿಸಿಕೊಂಡಿದ್ದಾಳೆ. ಹಗ್ಗದ ಮೇಲೆ ಹಾಕಿದರೆ ಯಾರಾದರೂ ಕದ್ದು ಮಾಟ ಮಾಡಿಸಿದರೆ ನೀನು ಬರ್ತೀಯಾ ಅಂತ ನನ್ನನ್ನೇ ಕೇಳಿದಳು.

ನಾನೂ ಬಿಸಿಲಲ್ಲೇ ಹಾಕುತ್ತೇನೆ, ಕಣದಲ್ಲೇ, ಅಂದೆ. ಕೇಳಿದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಹೇಳಬಾರದಿತ್ತೇನೋ. ಆದರೂ ಇಬ್ಬರು, ನಿನ್ನ ಮಾವನಿಗೇ ಅಡ್ಡಿಯಿಲ್ಲ ಅಂದ್ರೆ ನಾವೂ ಹಾಕ್ತೀವಿ ಬಿಡು ಅಂದರು.

ಏಪ್ರಿಲ್ 11, ಸೋಮವಾರ

ಎರಡನೇ ತಿಂಗಳು. ಲಂಗ ಹೊದಿಸಲಿಲ್ಲ, ತೆಳು ಬಟ್ಟೆಯೊಂದನ್ನು ನೆಪಕ್ಕೆ ಹಾಕಿದೆ. ಮಾವ ರಸ್ತೆ ನೋಡುತ್ತಾ ಕೂತಿದ್ದರು. ಮಳೆ ಬರುವ ಲಕ್ಷಣ ಕಂಡರೆ, "ದೊರೆಸಾನಿ, ಮೋಡ ಬಂತು ಕಣೇ, ನಿನ್ನ ಸಾಮಾನು ಏನಿದ್ರೂ ಒಳಗೆ ತಗೋ," ಅನ್ನುತ್ತಾರೆ. ನಾನು ಓಡಿಬಂದು ತೆಗೆಯುತ್ತೇನೆ. ನಮ್ಮಿಬ್ಬರ ನಡುವೆ ಇಷ್ಟೊಂದು ಮಾತು ನಾಲ್ಕು ವರ್ಷದಲ್ಲಿ ನಡೆದಿರಲಿಲ್ಲ. ಆಡಿಗೆ ಏನನ್ನಿಸುತ್ತದೋ.

ಐದು ಹೆಂಗಸರು ಬಿಸಿಲಿಗೆ ಹಾಕಲು ಶುರುಮಾಡಿದ್ದಾರೆ.

ಏಪ್ರಿಲ್ 19, ಮಂಗಳವಾರ

ಆಗಬಾರದ್ದು ಆಗಿಹೋಯಿತು.

ಡಮಾಲಿ ಅತ್ತಿಗೆ ದಿನಾ ಮಾವನಿಗೆ ಚಹಾ ಇಟ್ಟು ಹೋಗುತ್ತಾಳೆ, ಅವರು ಆಮೇಲೆ ಒಬ್ಬರೇ ಕುಡಿಯುತ್ತಾರೆ. ಅದು ಅವರ ಹಟ. ಇವತ್ತು ಸಕ್ಕರೆ ಮರೆತೆನೆಂದು ಅತ್ತಿಗೆ ತಿರುಗಿ ಹೋದಾಗ ಲೋಟ ಮಾವನ ಕೈಯಲ್ಲಿತ್ತು. ಅರ್ಧ ಚಹಾ ತೊಡೆಯ ಮೇಲಿತ್ತು. ಕೈ ಗಡಗಡ ನಡುಗುತ್ತಿತ್ತು. ಅತ್ತಿಗೆ ಕೈ ನೋಡಿದಳು, ಹಗ್ಗ ನೋಡಿದಳು, ಆಮೇಲೆ ಅಡುಗೆಮನೆಯ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು.

"ಒಬುಕೊ," ಅಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಇದನ್ನ ತಂದಿಟ್ಟವಳು ನೀನು. ನಮ್ಮಪ್ಪನ ಕೈ, ಕಣೇ. ಊರಿಗೆಲ್ಲ ಕಾಂಜು ಹೊಲಿದ ಕೈ."

ಮಾವ ಕೈಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಏಪ್ರಿಲ್ 20, ಬುಧವಾರ

ಹಗ್ಗ ಬಿಚ್ಚಿದೆ.

ಏಪ್ರಿಲ್ 27, ಬುಧವಾರ

ಸುದ್ದಿಗೆ ಕಾಲಿಲ್ಲದಿದ್ದರೂ ಬೆಟ್ಟ ಹತ್ತುತ್ತದೆ. ಆರು ಹೆಂಗಸರು ಬಟ್ಟೆ ವಾಪಸು ತಂದುಕೊಟ್ಟರು. ಒಬ್ಬಳು ಕೈಗೂ ಕೊಡಲಿಲ್ಲ, ಬೇಲಿ ಮೇಲಿಟ್ಟು ಹೋದಳು. ಪಾತ್ರೆ ಇಳಿಸುತ್ತಿದ್ದವಳು ಮಾತ್ರ ಕೊಡಲಿಲ್ಲ.

ಫ್ಲಾವಿಯಾ ಬಂದಿದ್ದಳು. ಇದು ಮುದಿಪ್ರಾಯದಲ್ಲಿ ನರಕ್ಕೆ ಬರುವ ಕಾಯಿಲೆ, ಯಾವ ಹಗ್ಗದಿಂದಲೂ ಬರುವುದಿಲ್ಲ, ಮಸಾಕದ ಆಸ್ಪತ್ರೆಯಲ್ಲಿ ಮಾತ್ರೆ ಕೊಡುತ್ತಾರೆ, ಕರೆದುಕೊಂಡು ಹೋಗಿ ಅಂತ ಅತ್ತಿಗೆಗೆ ಬಿಡಿಸಿ ಹೇಳಿದಳು. ಮರ್ಯಾದೆ ತಪ್ಪಿ ಬಂದದ್ದಕ್ಕೆ ಮಾತ್ರೆ ಎಲ್ಲಿಂದ ಬರಬೇಕು ಅಂತ ಅತ್ತಿಗೆ ಎದ್ದು ಹೋದಳು. ಅತ್ತಿಗೆಯ ಕಣ್ಣು ಕೆಂಪಾಗಿತ್ತು. ಅವಳಿಗೆ ಅಪ್ಪನ ಮೇಲಿನ ಪ್ರೀತಿ ಸುಳ್ಳಲ್ಲ, ಅದು ನನಗೂ ಗೊತ್ತು.

ನಾನು ಫ್ಲಾವಿಯಾಳ ಮಾತಿಗೆ ತಲೆಯಾಡಿಸಿದೆ. ಆದರೆ ಈ ಪುಸ್ತಕಕ್ಕೆ ಯಾಕೆ ಸುಳ್ಳು ಹೇಳಲಿ? ಅರ್ಧ ನಂಬುತ್ತೇನೆ. ನಾನು ಆ ಹಗ್ಗಕ್ಕೆ ಹಾಕದಿದ್ದರೆ ಮಾವನ ಕೈ ನೆಟ್ಟಗಿರುತ್ತಿತ್ತೇನೋ. ನನಗೋಸ್ಕರ ಕುರ್ಚಿ ತಿರುಗಿಸಿಕೊಂಡ ಮನುಷ್ಯ. ರೋಗವಾದರೂ ನನಗೆ ಬರಬಾರದಿತ್ತಾ?

ಮೇ 7, ಶನಿವಾರ

ಡನ್‌ಸ್ಟನ್ ಬಂದ. ನನ್ನ ಮುಖ ನೋಡುವ ಮೊದಲೇ ಅಕ್ಕನ ಮಾತು ಕೇಳಿ ಬಂದಿದ್ದ. ನಾಳೆ ಚರ್ಚು ಮುಗಿದ ಮೇಲೆ ಮನೆಯವರು ಸೇರುತ್ತಾರೆ. ಬಟ್ಟೆಗಳನ್ನೆಲ್ಲ ಸುಡಬೇಕು, ಮಿಷನ್ನು ಮಾವನ ಮನೆಗೆ ವಾಪಸು ಹೋಗಬೇಕು, ಶಾಂತಿ ಮಾಡಿಸುವವರೆಗೆ ನಾನು ತವರಿನಲ್ಲಿರಬೇಕು. ಎಷ್ಟು ದಿನ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಕೈ ನೆಟ್ಟಗಾಗುವವರೆಗೆ ಅಂದರೆ, ಅದು ನೆಟ್ಟಗಾಗದಿದ್ದರೆ?

"ನಾನೇನು ಮಾಡ್ಲಿ ಸ್ಕೋವಿ," ಅಂದ. "ಅವರು ನಮ್ಮಪ್ಪ."

ಅವರು ನನಗೂ ಅಪ್ಪನ ಹಾಗೇ ಅಂತ ಅನ್ನಬೇಕೆನ್ನಿಸಿತು. ಅನ್ನಲಿಲ್ಲ. ಮುಟ್ಟು ಇವತ್ತೇ ಬಂತು. ಹಳೆ ಕಂಬಳಿಯ ಚೂರು ಹುಡುಕಿ ಇಟ್ಟುಕೊಂಡೆ. ಚುಚ್ಚುತ್ತದೆ.

ಮೇ 8, ಭಾನುವಾರ

ಒಂದನ್ನೂ ಬಿಡದೆ ಬರೆಯಬೇಕು.

ಕಣದಲ್ಲಿ ಚಾಪೆ ಹಾಸಿದ್ದರು. ಅತ್ತಿಗೆ, ಡನ್‌ಸ್ಟನ್, ಮಾವನ ತಮ್ಮ. ಮಾವ ಕುರ್ಚಿಯಲ್ಲಿ, ಈ ಸಲ ಕಣಕ್ಕೇ ಮುಖ ಮಾಡಿ. ನಾನು ದೂರದಲ್ಲಿ ಅಡುಗೆಮನೆಯ ಹತ್ತಿರ ಮೊಣಕಾಲೂರಿದ್ದೆ. ಪಕ್ಕದಲ್ಲಿ ಬಟ್ಟೆಗಳ ಬುಟ್ಟಿ. ಸುಡಲು ಬೆಂಕಿಯೂ ತಯಾರಿತ್ತು. ಅತ್ತಿಗೆ ಎಲ್ಲ ಹೇಳಿದಳು. ಇವಳು ಹಗ್ಗಕ್ಕೆ ಹಾಕಿದ ಮೇಲೆಯೇ ಅಪ್ಪನ ಕೈ ಹೀಗಾಯಿತು, ಅದಕ್ಕೂ ಮೊದಲು ಯಾರಾದರೂ ನಡುಗಿದ್ದು ನೋಡಿದ್ದೀರಾ ಅಂತ ಕೇಳಿದಳು. ಯಾರೂ ನೋಡಿರಲಿಲ್ಲ. ಚಿಕ್ಕಮಾವ, ಹಾಗಾದರೆ ಹುಡುಗಿ ನಾಳೆಯೇ ತವರಿಗೆ ಹೊರಡಲಿ ಅಂದರು. ಡನ್‌ಸ್ಟನ್ ಚಾಪೆಯ ಎಳೆ ಕೀಳುತ್ತಿದ್ದ.

ಮಾವ ಎದ್ದರು. ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿತು. ಹೊರಗೆ ಬಂದಾಗ ತೋಳಿನ ಮೇಲೆ ಒಂದು ಬಿಳಿ ಬಟ್ಟೆ, ಕೈಯಲ್ಲಿ ನಾನು ಬಿಚ್ಚಿಟ್ಟಿದ್ದ ಹಗ್ಗ. ಹಗ್ಗದ ಒಂದು ತುದಿಯನ್ನು ಹಲಸಿನ ಮರಕ್ಕೆ, ಇನ್ನೊಂದನ್ನು ಕಂಬಕ್ಕೆ ಕಟ್ಟಿದರು. ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು. ಡನ್‌ಸ್ಟನ್ ಎದ್ದ. ಕೂತ್ಕೋ ಅಂದರು.

ಬಿಳಿ ಬಟ್ಟೆ ಬಿಡಿಸಿ ಹಗ್ಗಕ್ಕೆ ಹಾಕಿದರು. ಕಾಂಜು. ಕ್ಲಿಪ್ಪು ಹಾಕಲು ಹೋದರೆ ಬೀಳುತ್ತದೆ, ಬಗ್ಗಿ ಎತ್ತಿಕೊಂಡರೆ ಮತ್ತೆ ಬೀಳುತ್ತದೆ. ನಾನು ಹತ್ತಿರ ಹೋಗುವಂತಿಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಜೇಬಿನ ಹೊರಗೆ ಆ ಕೈಗಳನ್ನು ಅಷ್ಟು ಹೊತ್ತು ನೋಡಿದ್ದು ಇದೇ ಮೊದಲು. ನಾಲ್ಕನೇ ಸಲಕ್ಕೆ ಕ್ಲಿಪ್ಪು ಕಚ್ಚಿತು.

ಕಾಂಜುವಿನ ಕೊರಳಿನಲ್ಲಿ ಕಡುಗೆಂಪು ಕಸೂತಿ. ಶುರುವಿನಲ್ಲಿ ಒಂದು ಗೇಣು ಅಚ್ಚುಕಟ್ಟು, ಆಮೇಲೆ ಕೋಳಿ ಕೆದರಿದ ಹಾಗೆ ಸೊಟ್ಟ, ಎದೆಯ ಹತ್ತಿರ ಬಂದು ನಿಂತೇ ಹೋಗಿದೆ. ಸೂಜಿ ಅಲ್ಲೇ ಚುಚ್ಚಿದ್ದು ತುಕ್ಕು ಹಿಡಿದಿತ್ತು.

ಮಾವ ನಮ್ಮ ಯಾರ ಕಡೆಗೂ ನೋಡಲಿಲ್ಲ. ಆಡಿನ ಕಡೆ ತಿರುಗಿದರು.

"ದೊರೆಸಾನಿ, ಇಲಿ ಕಡೀಲಿಲ್ಲ ಕಣೇ. ನಾನು ಸುಳ್ಳು ಹೇಳ್ದೆ. ಮಗ ಹೆಣ್ಣು ಕೇಳೋಕೆ ಹೋಗೋ ದಿನ ತೊಡಲಿ ಅಂತ ಇದನ್ನ ಹೊಲೀತಾ ಇದ್ದೆ. ಆಗಲೇ ಕೈ ನಡುಗ್ತಿತ್ತು. ಎರಿಫಾಜಿ ಕಸೂತಿ ನೋಡಿ ಬೀಗರು ನಗ್ತಾರಲ್ಲ ಅಂತ ಪೆಟ್ಟಿಗೆಗೆ ಹಾಕ್ದೆ. ಮಿಷನ್ನು ಕೊಟ್ಟಿದ್ದು ದೊಡ್ಡ ಮನಸ್ಸಿಂದ ಅಲ್ಲ, ಕೈಲಾಗದೆ." ಉಸಿರು ತೆಗೆದುಕೊಂಡರು. "ಆಗ ನಾನು ಈ ಹುಡುಗಿ ಮುಖಾನೂ ನೋಡಿರ್ಲಿಲ್ಲ."

ಆಡು ಹುಲ್ಲು ಜಗಿಯುತ್ತಿತ್ತು. ಡನ್‌ಸ್ಟನ್ ಎದ್ದು ಹೋಗಿ ಕಾಂಜುವಿನ ಕೊರಳು ಮುಟ್ಟಿ ನೋಡಿದ. ಒಳಗೆ ಅವನ ಹೆಸರಿನ ಮೊದಲ ಅಕ್ಷರ ಹೊಲಿದಿತ್ತು. ಅಲ್ಲೇ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡ. ಅತ್ತಿಗೆ ಮಾತ್ರ ಚಾಪೆಯ ಮೇಲೇ ಕೂತು, "ನಾಲ್ಕು ವರ್ಷ ನಂಗೊಬ್ಬಳಿಗೂ ಹೇಳ್ಲಿಲ್ವಲ್ಲಪ್ಪ, ಬಿಸಿ ಚಹಾ ಲೋಟ ತುಂಬ ಕೊಡ್ತಿದ್ದೆನಲ್ಲಪ್ಪ," ಅಂತ ಅತ್ತಳು.

ಬೆಂಕಿಯ ಮೇಲೆ ಚಹಾಕ್ಕೆ ನೀರಿಟ್ಟೆ. ಉರಿ ಸುಮ್ಮನೆ ಯಾಕೆ ಹಾಳಾಗಬೇಕು.

ಮೇ 9, ಸೋಮವಾರ

ಕಾಂಜು ಇನ್ನೂ ಹಗ್ಗದ ಮೇಲಿದೆ. ಮಾವ ತೆಗೆಯಲು ಬಿಡುವುದಿಲ್ಲ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಾರೆ. ಅವರ ಕಸೂತಿಗೆ ಕಾದು ನಿಂತಿದ್ದ ಜನವೇ. ಮಾವ ರಸ್ತೆಗೆ ಮುಖ ಮಾಡಿ ಕೂತು ಎಲ್ಲರ ನಮಸ್ಕಾರಕ್ಕೂ ಕೈ ಎತ್ತುತ್ತಿದ್ದಾರೆ, ನಡುಗುವ ಕೈಯನ್ನೇ. ಅದನ್ನು ನೋಡಲಾಗದೆ ನಾನು ಎರಡು ಸಲ ಒಳಗೆ ಹೋದೆ.

ಮಧ್ಯಾಹ್ನ ಬುಟ್ಟಿಯಿಂದ ನನ್ನ ಬಟ್ಟೆ ತೆಗೆದು ಇಟ್ಟುಕೊಂಡೆ. ಕಂಬಳಿ ಚೂರನ್ನು ಒಲೆಗೆ ಹಾಕಿದೆ. ತೊಳೆದದ್ದನ್ನು ಕಾಂಜುವಿನ ಪಕ್ಕದಲ್ಲಿ, ಒಂದು ಮೊಳ ಬಿಟ್ಟು ಹಾಕಿದೆ.

ಮೇ 20, ಶುಕ್ರವಾರ

ಅತ್ತಿಗೆ ಮಾವನನ್ನು ಮಸಾಕದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಳು. ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಹತೋಟಿಗೆ ಬರುತ್ತದೆ ಅಂದರಂತೆ. ಈಗ ಅರ್ಧ ಲೋಟ ಚಹಾ ಕೊಡುತ್ತಾಳೆ, ಎರಡು ಸಲ.

ನನ್ನ ಹತ್ತಿರ ತಪ್ಪಾಯಿತು ಅನ್ನಲಿಲ್ಲ. ಅನ್ನುವವಳೂ ಅಲ್ಲ. ಹುರಿದ ಕಡಲೆಕಾಯಿ ತಂದು ಮಿಷನ್ನಿನ ಪಕ್ಕ ಇಟ್ಟು, ಬುಟ್ಟಿಯೊಳಗೆ ಕಣ್ಣಾಡಿಸಿ, "ಕಪ್ಪು ಬಣ್ಣದ್ದು ಇಲ್ವಾ? ಬಿಳಿ ಯಾಕೆ ಹೊಲೀತೀಯ, ಕಲೆ ಎದ್ದು ಕಾಣುತ್ತೆ," ಅಂದಳು. ತರಬೇತಿಯಲ್ಲಿ ಯಾರಿಗೂ ಹೊಳೆಯದ ಮಾತು. ಕಪ್ಪು ಬಟ್ಟೆ ತರಿಸಬೇಕು. ಚಡ್ಡಿಯನ್ನೂ ಜೊತೆಗೇ ಹೊಲಿದು ಕೊಡಬೇಕು.

ವಾಪಸು ಕೊಟ್ಟವರಲ್ಲಿ ಮೂವರು ಮತ್ತೆ ತೆಗೆದುಕೊಂಡು ಹೋದರು. ಉಳಿದ ಮೂವರು ಇನ್ನೂ ಬೇಲಿ ಆಚೆಯಿಂದಲೇ ಮಾತಾಡುತ್ತಾರೆ. ಶಾಲೆಗಳು ಮೂರಲ್ಲ, ಸದ್ಯಕ್ಕೆ ಒಂದೇ ಅಂತ ಫ್ಲಾವಿಯಾ ಹೇಳಿಕಳಿಸಿದ್ದಾಳೆ. ಒಂದಾದರೆ ಒಂದು.

ಜೂನ್ 5, ಭಾನುವಾರ

ಕಾಫಿ ಹಣ್ಣು ಕಣಕ್ಕೆ ಬಂದಿದೆ. ಹಗ್ಗದ ಕೆಳಗೆಲ್ಲ ಹರವಿದ್ದೇವೆ.

ಮೊನ್ನೆ ಅತ್ತಿಗೆಯ ಕೈಯಲ್ಲಿ ಮಾವ ಕಾಂಜು ಕಳಿಸಿದರು, ಮುಗಿಸಿಕೊಡಬೇಕಂತೆ. ಸೊಟ್ಟ ಕಸೂತಿ ನೋಡುತ್ತಾ ಎರಡು ದಿನ ಕೂತೆ. ಬಿಚ್ಚಿದರೆ ಅವರ ಕೈಯನ್ನೇ ಬಿಚ್ಚಿದ ಹಾಗೆ, ಬಿಡೋಣವೆಂದರೆ ಹೇಗೆ ಬಿಡುವುದು? ಇವತ್ತು ಚರ್ಚಿನಿಂದ ಬಂದಮೇಲೆ ಕಣದ ಈಚೆ ಬದಿಯಲ್ಲಿ ಮೊಣಕಾಲೂರಿ ಆಡನ್ನೇ ಕೇಳಿದೆ. ನನ್ನ ದನಿ ಇಷ್ಟು ಗಟ್ಟಿಯಾಗಿ ಹೊರಟಿದ್ದಕ್ಕೆ ಅತ್ತಿಗೆ ಒಳಗಿಂದ ಇಣುಕಿದಳು.

"ದೊರೆಸಾನಿ, ಹಳೇ ಕಸೂತಿ ಬಿಚ್ಚಿ ಮೊದಲಿಂದ ಹಾಕಲಾ ಅಂತ ಕೇಳು."

ಮಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಬಿಚ್ಚೋದು ಬೇಡ ಅಂತ ಹೇಳು ದೊರೆಸಾನಿ. ನಾನು ಬಿಟ್ಟಲ್ಲಿಂದ ಹೊಲ್ಕೊಂಡು ಹೋಗಲಿ."

ತುಕ್ಕು ಹಿಡಿದ ಸೂಜಿ ತೆಗೆದು, ಅದೇ ತೂತಿನಲ್ಲಿ ನನ್ನ ಸೂಜಿ ಇಳಿಸಿದೆ.

ಮುಟ್ಟು ನಿನ್ನೆ ಬಂತು. ನಾಲ್ಕು ಬಟ್ಟೆ ತೊಳೆದು ಹಗ್ಗಕ್ಕೆ ಹಾಕಿದ್ದೆ, ಮಧ್ಯಾಹ್ನಕ್ಕೆ ಒಣಗಿದವು. ಫ್ಲಾವಿಯಾ ನಾಳೆ ಬರುತ್ತಾಳೆ, ಕೇಳಿದರೆ ಹೇಳಲು ಏನಾದರೂ ಇರಬೇಕಲ್ಲ.

ಇವತ್ತಿನ ಅಡ್ಡಿ: ಬೆಳಿಗ್ಗೆ ಒಂದು ಗಂಟೆ ಮೋಡ.